ಎರಡನೇ ಆಟದ ಪಾಠ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅಂದಿನ ಹರಾಜು ಮುಗಿದಿದೆ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಹುಳು ಸಾಕುವ ರೈತರು, ಪತ್ರಿಕೆಯ ಕ್ರೀಡಾಪುಟವನ್ನು ತಪ್ಪದೆ ಓದುವವರು. ಇನ್ನೊಬ್ಬರು ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸುವ ಮೇಷ್ಟ್ರು. ಮಕ್ಕಳಿಗೆ ಒಂದೇ ಆಟವನ್ನು ಹಿಡಿಸಬೇಕೋ ಬೇಡವೋ ಎಂಬಲ್ಲಿಂದ ಮಾತು ಶುರುವಾಯಿತು.

ರೈತರು: ಮೇಷ್ಟ್ರೇ, ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ದೇವನಹಳ್ಳಿ ಕಡೆ ಜಮೀನಿನ ಬೆಲೆ ಒಂದೇ ಅಲ್ಲ, ಮಕ್ಕಳ ಮೇಲಿನ ಆಸೆಯೂ ಏರಿದೆ. ಆಟದಲ್ಲೂ ಜೀವನ ಕಟ್ಟಿಕೊಳ್ಳಬಹುದು ಅಂತ ಹಳ್ಳಿಯವರೂ ನಂಬುತ್ತಿದ್ದಾರೆ. ಆದರೆ ವಿಚಾರಿಸಿದ ಕಡೆಯೆಲ್ಲ ಸಿಗುವುದು ಒಂದೇ ಉತ್ತರ: ಆರೇಳು ವರ್ಷಕ್ಕೇ ಒಂದು ಆಟ ಹಿಡಿಸಿ, ಅದನ್ನೇ ತಿದ್ದಿಸಿ, ಬೇರೆ ಕಡೆ ತಲೆ ಹಾಕಲು ಬಿಡಬೇಡಿ. ನನಗೂ ಅದೇ ಸರಿ ಅನ್ನಿಸುತ್ತದೆ. ನಮ್ಮ ಹುಳುವನ್ನೇ ನೋಡಿ. ಮೊಟ್ಟೆಯೊಡೆದ ದಿನದಿಂದ ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೆ ಎಲೆಗೆ ಬಾಯಿ ಹಾಕುವುದಿಲ್ಲ. ಒಂದೇ ಸೊಪ್ಪಿಗೆ ಕಟ್ಟುಬಿದ್ದದ್ದಕ್ಕೇ ಅದು ನೂಲು ಕೊಡುತ್ತದೆ. ಕಂಡಕಂಡ ಗಿಡ ಮೇಯುವ ಹುಳು ನಮ್ಮ ಮಾರುಕಟ್ಟೆಗೆ ಬರುವುದಿಲ್ಲ.

ಮೇಷ್ಟ್ರು: ಹುಳುವಿನ ಮಾತಿಗೆ ಆಮೇಲೆ ಬರೋಣ, ಯಜಮಾನರೇ. ಮೊದಲು ನಮ್ಮ ರಾಜ್ಯದವರೇ ಆದ ಒಬ್ಬರ ಬದುಕನ್ನು ನೋಡೋಣ. ಮೊಳ್ಳೇರ ಪೂವಯ್ಯ ಗಣೇಶ್, ಅಂದರೆ ಎಂ.ಪಿ. ಗಣೇಶ್, 1946ರಲ್ಲಿ ಕೊಡಗಿನಲ್ಲಿ ಹುಟ್ಟಿದವರು. ಇವತ್ತು ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಹಾಕಿ. ಆದರೆ ಅವರು ಮೊದಲು ಮನಸ್ಸು ಕೊಟ್ಟದ್ದು ಫುಟ್‌ಬಾಲ್‌ಗೆ. 1960ರ ದಶಕದ ಮೊದಲ ವರ್ಷಗಳಲ್ಲಿ, ಹದಿಹರೆಯದಲ್ಲಿ, ಅವರು ಮಡಿಕೇರಿಯ ಪರವಾಗಿ ಫುಟ್‌ಬಾಲ್ ಆಡುತ್ತಿದ್ದರು. ಹಾಕಿಯನ್ನು ಗಟ್ಟಿಯಾಗಿ ಹಿಡಿದದ್ದು ಆಮೇಲೆ, ಇಪ್ಪತ್ತರ ಆಸುಪಾಸಿನಲ್ಲಿ, ಸೇನೆಯ ಸರ್ವಿಸಸ್ ತಂಡಕ್ಕೆ ಆಡತೊಡಗಿದಾಗ. ಅಲ್ಲಿಂದ ಮುಂದಿನ ದಾರಿ ನೋಡಿ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ, 1971ರಲ್ಲಿ ಬಾರ್ಸಿಲೋನಾದ ಮೊದಲ ವಿಶ್ವಕಪ್‌ನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು. 1973ರಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್ವೀನ್‌ನಲ್ಲಿ ನಡೆದ ವಿಶ್ವಕಪ್‌ಗೆ ಅವರೇ ನಾಯಕರು. ಫೈನಲ್‌ನಲ್ಲಿ ಆತಿಥೇಯರ ಎದುರು 2–2ರ ಸಮ, ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋಲು, ಬೆಳ್ಳಿ. ಆ ವರ್ಷದ ಅರ್ಜುನ ಪ್ರಶಸ್ತಿ ಅವರಿಗೆ ಬಂತು. ಆಡುವುದು ಮುಗಿದ ಮೇಲೆ ಭಾರತ ತಂಡದ ತರಬೇತುದಾರರಾದರು, ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಕಾರ್ಯನಿರ್ವಾಹಕ ನಿರ್ದೇಶಕರ ಹುದ್ದೆಯವರೆಗೆ ಹೋದರು, 2020ರಲ್ಲಿ ಪದ್ಮಶ್ರೀ ಪಡೆದರು. ಆರೇಳು ವರ್ಷಕ್ಕೇ ಒಂದು ಆಟ ಹಿಡಿಯದವನು ಉಳಿದವರಿಗಿಂತ ಹಿಂದೆ ಬೀಳುತ್ತಾನೆ ಅನ್ನುವ ಲೆಕ್ಕ ಈ ಬದುಕಿಗೆ ಒಗ್ಗುವುದಿಲ್ಲ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಆ ಎರಡನೇ ಆಟ ಅವರ ಕಾಲಹರಣವಲ್ಲ. ಕಲಿಸುವವನಿಗೆ ಬೇಕಾದ ಬಂಡವಾಳವೇ ಅದು. ಒಂದು ಆಟದಲ್ಲಿ ನುರಿತ ಮೇಲೆ ಇನ್ನೊಂದರಲ್ಲಿ ಮತ್ತೆ ಅ ಆ ಇ ಈಯಿಂದ ಶುರುಮಾಡಿದವನಿಗೆ, ಕಲಿಯುವವನ ಕಾಲು ಎಲ್ಲಿ ಎಡವುತ್ತದೆ ಎಂಬುದು ಮರೆಯುವುದಿಲ್ಲ.

ರೈತರು: ಒಂದು ಹೆಸರು ಹೇಳಿ ಊರಿಗೆಲ್ಲ ನ್ಯಾಯ ಹೇಳಿಬಿಟ್ಟಿರಿ. ಒಂದು ಮರದಲ್ಲಿ ಚೆನ್ನಾಗಿ ಚಕ್ಕೋತ ಬಿಟ್ಟಿತು ಅಂತ ತಾಲ್ಲೂಕಿನ ಮಣ್ಣೆಲ್ಲ ಒಂದೇ ಅನ್ನಲಾಗುತ್ತದೆಯೇ? ಆಟ ಬದಲಿಸಿ ಎರಡರಲ್ಲೂ ಕಳೆದುಹೋದವರು ಎಷ್ಟು ಜನವೋ, ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಇನ್ನೊಂದು ಮಾತು. ಅವರು ಕೊಡಗಿನವರು. ಅಲ್ಲಿ ಮನೆಮನೆಯಲ್ಲೂ ಹಾಕಿ ಸ್ಟಿಕ್ ಇರುತ್ತದೆ. ಮನೆತನಗಳೇ ತಂಡ ಕಟ್ಟಿಕೊಂಡು ಆಡುವ ನಾಡು ಅದು. ಅಂಥ ಕಡೆ ಹುಟ್ಟಿದ ಹುಡುಗ ಇಪ್ಪತ್ತಕ್ಕೆ ಹಾಕಿ ಹಿಡಿದರೂ ಅದು ಅವನಿಗೆ ಹೊಸದು ಹೇಗಾಗುತ್ತದೆ? ನಮ್ಮ ವಿಜಯಪುರದ ಹುಡುಗ ಹಾಗೆ ಮಾಡಿದರೆ ಆಗುವುದೇ ಬೇರೆ.

ಮೇಷ್ಟ್ರು: ಎರಡೂ ಮಾತು ನ್ಯಾಯವಾದವು. ಒಬ್ಬರ ಉದಾಹರಣೆಯಿಂದ ನಿಯಮ ಹುಟ್ಟುವುದಿಲ್ಲ. ಹೀಗೂ ಆಗಬಹುದು ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ. ಹೇಗೆ ಆಯಿತು ಅನ್ನುವುದನ್ನು ಬಿಡಿಸಿ ನೋಡಿದಾಗ ಮಾತ್ರ ಅದು ಬೇರೆಯವರಿಗೆ ಉಪಯೋಗ. ಕೊಡಗಿನ ಗಾಳಿಯಲ್ಲೇ ಹಾಕಿ ಇತ್ತು ಎಂಬುದೂ ನಿಜ. ಆದರೆ ಅಂಗಳದಲ್ಲಿ ಸ್ಟಿಕ್ ಬೀಸುವುದಕ್ಕೂ ದೇಶದ ತಂಡಕ್ಕೆ ಆಡುವುದಕ್ಕೂ ನಡುವೆ ದೊಡ್ಡ ದಾರಿಯಿದೆ, ಆ ದಾರಿಯನ್ನು ಅವರು ತಡವಾಗಿಯೇ ಹತ್ತಿದರು. ಈಗ ಎರಡು ಆಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಹನ್ನೊಂದು ಜನ, ಒಬ್ಬ ಗೋಲ್‌ಕೀಪರ್, ಎರಡು ರೆಕ್ಕೆ, ನಡುವೆ ಹಾಫ್‌ಗಳು. ಚೆಂಡು ತನ್ನ ಬಳಿ ಇಲ್ಲದಾಗ ಎಲ್ಲಿ ನಿಲ್ಲಬೇಕು, ಜೊತೆಗಾರ ಚೆಂಡು ಹಿಡಿಯುವ ಮೊದಲೇ ಯಾವ ಖಾಲಿ ಜಾಗಕ್ಕೆ ಓಡಬೇಕು, ಮೂವರು ತ್ರಿಕೋನ ಕಟ್ಟಿ ಎದುರಾಳಿಯನ್ನು ಹೇಗೆ ದಾಟಬೇಕು ಎಂಬ ಬುದ್ಧಿ ಫುಟ್‌ಬಾಲ್‌ನಲ್ಲಿ ಕಲಿತರೆ ಹಾಕಿಗೂ ಬರುತ್ತದೆ. ಇದು ಕಣ್ಣಿನ ವಿದ್ಯೆ. ಕೈ ವಿದ್ಯೆ ಮಾತ್ರ ಹಾಗೆ ಬರುವುದಿಲ್ಲ. ಫುಟ್‌ಬಾಲ್‌ನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ತಲೆಯೆತ್ತಿಕೊಂಡೇ ಅದನ್ನು ಕಾಲಲ್ಲಿ ಸಾಗಿಸಬಹುದು. ಹಾಕಿ ಚೆಂಡು ಅಂಗೈಯಲ್ಲಿ ಹಿಡಿಯುವಷ್ಟೇ, 156ರಿಂದ 163 ಗ್ರಾಂ, ಕಲ್ಲಿನ ಹಾಗೆ ಗಟ್ಟಿ. ಸ್ಟಿಕ್‌ನ ಚಪ್ಪಟೆ ಮುಖದಿಂದ ಮಾತ್ರ ಹೊಡೆಯಬೇಕು, ಆ ಮುಖ ಇರುವುದು ಎಡಗಡೆಗೆ ಮಾತ್ರ. ಚೆಂಡು ಎಡಕ್ಕೆ ಜಾರಿದರೆ ಮೇಲಿನ ಎಡಗೈ ಮಣಿಕಟ್ಟನ್ನು ತಿರುಗಿಸಿ ಸ್ಟಿಕ್ಕನ್ನು ಬೋರಲು ಮಾಡಬೇಕು, ಕೆಳಗಿನ ಬಲಗೈ ಹಿಡಿತ ಆಗ ಸಡಿಲವಾಗಿರಬೇಕು. ಸೊಂಟ ಬಾಗಿರಬೇಕು, ಆದರೂ ಕಣ್ಣು ಮುಂದಿರಬೇಕು. ಫುಟ್‌ಬಾಲ್‌ನಲ್ಲಿ ಪಳಗಿದ ಮೈಗೆ ಇದರಲ್ಲಿ ಒಂದೂ ತಾನಾಗಿ ಬರುವುದಿಲ್ಲ. ಆಟ ಹೇಗೆ ಸಾಗುತ್ತಿದೆ ಎಂದು ಅವನಿಗೆ ಸ್ಪಷ್ಟವಾಗಿ ಕಾಣುತ್ತದೆ, ಕೈ ಮಾತ್ರ ಮಾತು ಕೇಳುವುದಿಲ್ಲ.

ತರಬೇತುದಾರ ಹುಟ್ಟುವುದು ಈ ಇಕ್ಕಟ್ಟಿನಲ್ಲೇ. ಎಳವೆಯಲ್ಲಿ ಕಲಿತದ್ದು ಹೇಗೆ ಕಲಿತೆವು ಎಂಬುದು ಯಾರಿಗೂ ನೆನಪಿರುವುದಿಲ್ಲ. ನಡೆಯಲು ಕಲಿತದ್ದನ್ನು ಯಾರು ವಿವರಿಸಬಲ್ಲರು? ಐದನೇ ವರ್ಷಕ್ಕೇ ಸ್ಟಿಕ್ ಹಿಡಿದವನು ಮಣಿಕಟ್ಟು ತಿರುಗಿಸುವುದನ್ನು ಮಾಡಿ ತೋರಿಸುತ್ತಾನೆ, ‘ಹೀಗೆ’ ಅನ್ನುತ್ತಾನೆ. ಎದುರಿನ ಹುಡುಗನಿಗೆ ಬಾರದಿದ್ದರೆ ‘ಇಷ್ಟೂ ಬರುವುದಿಲ್ಲವೇ’ ಎಂದು ರೇಗುತ್ತಾನೆ. ಬುದ್ಧಿ ಬಲಿತ ಮೇಲೆ ಕಲಿತವನಿಗೆ ಹಾಗಲ್ಲ. ಅವನು ಪ್ರತಿ ಮೆಟ್ಟಿಲನ್ನೂ ಎಚ್ಚರದಿಂದ ಹತ್ತಿರುತ್ತಾನೆ, ಯಾವ ಮೆಟ್ಟಿಲು ಜಾರುತ್ತದೆ ಅಂತ ಬಲ್ಲ, ಅದನ್ನು ಮಾತಿನಲ್ಲಿ ಹೇಳಬಲ್ಲ. ಜೊತೆಗೆ ಇನ್ನೊಂದು ಲಾಭವಿದೆ. ಎರಡು ಆಟ ಬಲ್ಲವನು ಯಾವುದು ಆಟದ ಮೂಲ, ಯಾವುದು ಆ ಆಟದ ಕಸುಬು ಮಾತ್ರ ಎಂದು ಬಿಡಿಸಿ ನೋಡಬಲ್ಲ. ಒಂದೇ ಭಾಷೆ ಬಲ್ಲವನಿಗೆ ಅದರ ವ್ಯಾಕರಣ ಕಾಣುವುದಿಲ್ಲ. ಎರಡನೆಯದನ್ನು ಕಲಿಯಲು ಕೂತಾಗಲೇ ಮೊದಲನೆಯದರ ವ್ಯಾಕರಣವೂ ಕಣ್ಣಿಗೆ ಬೀಳುತ್ತದೆ.

ರೈತರು: ಮಾತು ಚೆನ್ನಾಗಿದೆ. ಆದರೆ ಎರಡು ದೋಣಿಯ ಮೇಲೆ ಕಾಲಿಟ್ಟವನ ಕಥೆಯೂ ಇದೆಯಲ್ಲ. ಮದರಾಸಿನ ಎಂ.ಜೆ. ಗೋಪಾಲನ್ ಅವರ ವಿಷಯ ನಾನು ಓದಿದ್ದೇನೆ. ಕ್ರಿಕೆಟ್, ಹಾಕಿ ಎರಡರಲ್ಲೂ ದೇಶಕ್ಕೆ ಆಡಿದವರು. 1936ರಲ್ಲಿ ಒಂದು ಕಡೆ ಬರ್ಲಿನ್ ಒಲಿಂಪಿಕ್ಸ್‌ನ ಹಾಕಿ, ಇನ್ನೊಂದು ಕಡೆ ಇಂಗ್ಲೆಂಡಿಗೆ ಹೊರಟ ಕ್ರಿಕೆಟ್ ತಂಡ. ಅವರು ಕ್ರಿಕೆಟ್ ಆರಿಸಿಕೊಂಡರು. ಹಾಕಿ ತಂಡ ಚಿನ್ನ ಗೆದ್ದು ಬಂತು. ಇವರಿಗೆ ಇಂಗ್ಲೆಂಡಿನಲ್ಲಿ ಒಂದು ಟೆಸ್ಟ್ ಆಡಲೂ ಅವಕಾಶ ಸಿಗಲಿಲ್ಲ. ಎರಡು ಆಟ ಕಲಿತದ್ದರ ಫಲ ಇದೇ ಅಲ್ಲವೇ?

ಮೇಷ್ಟ್ರು: ಗೋಪಾಲನ್ ಅವರಿಗೆ ಆದ ನಷ್ಟ ದೊಡ್ಡದು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ನಷ್ಟ ಎಲ್ಲಿ ಆಯಿತು ಎಂದು ನೋಡಬೇಕು. ಎರಡು ಆಟ ಕಲಿತದ್ದರಿಂದ ಅಲ್ಲ, ಎರಡರ ತುತ್ತತುದಿಯೂ ಒಂದೇ ಬೇಸಿಗೆಯಲ್ಲಿ ಎದುರಾದದ್ದರಿಂದ. ಗಣೇಶ್ ಅವರದು ಹಾಗಲ್ಲ. ಅವರಿಗೆ ಒಂದಾದ ಮೇಲೆ ಒಂದು. ಬೆಳೆಯುವ ವಯಸ್ಸಿನಲ್ಲಿ ಒಂದು ಆಟ, ಮೈ ಬಲಿತ ಮೇಲೆ ಇನ್ನೊಂದು, ಆಮೇಲೆ ಪೂರ್ತಿ ಜೀವ ಆ ಒಂದಕ್ಕೇ. ನಾನು ಬೇಡುವುದೂ ಅದೇ: ಮೊದಲು ಅಗಲ, ಆಮೇಲೆ ಆಳ. ಕೊನೆಯವರೆಗೂ ಎರಡನ್ನೂ ಎಳೆದಾಡಿ ಎಂದು ನಾನು ಹೇಳುತ್ತಿಲ್ಲ.

ಈಗ ನಿಮ್ಮ ಹುಳುವಿನ ಮಾತಿಗೆ ಬರುತ್ತೇನೆ. ಒಂದೇ ಸೊಪ್ಪು ಅನ್ನುವುದು ನಿಜ, ಆದರೆ ಸಾಕಾಣಿಕೆಯ ಪೂರ್ತಿ ಕಥೆ ಅದಲ್ಲ, ನನಗಿಂತ ನೀವೇ ಅದನ್ನು ಚೆನ್ನಾಗಿ ಬಲ್ಲವರು. ಚಾಕಿ ಹುಳುವಿಗೆ, ಅಂದರೆ ಎಳೆ ಹುಳುವಿಗೆ, ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತೀರಿ. ಬಲಿತ ಹುಳುವಿಗೆ ಕಡ್ಡಿ ಸಮೇತ ಹಾಕುತ್ತೀರಿ. ನಡುವೆ ನಾಲ್ಕು ಸಲ ಹುಳು ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿಕೊಂಡು ಅಲುಗಾಡದೆ ನಿಲ್ಲುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಗೊತ್ತಿಲ್ಲದವನು ನೋಡಿದರೆ ಹುಳುವಿಗೆ ರೋಗ ಬಂತು ಅಂದುಕೊಳ್ಳುತ್ತಾನೆ. ಅದು ರೋಗವಲ್ಲ, ಹಳೆಯ ಚರ್ಮ ಮೈಗೆ ಸಾಲದೆ ಕಳಚುತ್ತಿರುವ ಹೊತ್ತು. ಬಲ್ಲ ರೈತ ಆಗ ಸೊಪ್ಪು ನಿಲ್ಲಿಸುತ್ತಾನೆ, ತಟ್ಟೆಯಲ್ಲಿ ಸುಣ್ಣದ ಪುಡಿ ಉದುರಿಸಿ ಒಣಗಿಸುತ್ತಾನೆ, ಎಲ್ಲ ಹುಳುವೂ ಜ್ವರ ಏಳುವವರೆಗೆ ಕಾಯುತ್ತಾನೆ. ಆತುರಪಟ್ಟು ಮೊದಲೇ ಎದ್ದ ನಾಲ್ಕಕ್ಕೆ ಸೊಪ್ಪು ಹಾಕಿದರೆ ಬೆಳೆ ಏರುಪೇರಾಗುತ್ತದೆ, ಗೂಡು ಕಟ್ಟುವ ಚಂದ್ರಿಕೆಗೆ ಹುಳುಗಳು ಒಟ್ಟಿಗೆ ಹತ್ತುವುದಿಲ್ಲ. ಇನ್ನೊಂದು ಲೆಕ್ಕವೂ ಇದೆ: ಹುಳು ತನ್ನ ಆಯಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲೆ. ದೊಡ್ಡ ಮೇವು ಕೊನೆಯ ಹಂತಕ್ಕೆ. ಆಟ ಬದಲಿಸಿದ ಹುಡುಗನೂ ಒಂದಷ್ಟು ಕಾಲ ಮಂಕಾಗಿ ಕಾಣುತ್ತಾನೆ, ಹಿಂದೆ ಗೆಲ್ಲುತ್ತಿದ್ದವನು ಸೋಲುತ್ತಾನೆ. ಅದನ್ನು ರೋಗ ಎಂದು ತಿಳಿಯುವ ತರಬೇತುದಾರ ಅವನನ್ನು ತಂಡದಿಂದ ತೆಗೆಯುತ್ತಾನೆ. ಜ್ವರ ಎಂದು ತಿಳಿಯುವವನು ಕಾಯುತ್ತಾನೆ. ತಾನೇ ಒಮ್ಮೆ ಜ್ವರಕ್ಕೆ ಕೂತು ಎದ್ದವನಿಗೆ ಆ ತಾಳ್ಮೆ ಸುಲಭವಾಗಿ ಬರುತ್ತದೆ.

ರೈತರು: ಜ್ವರದ ಮಾತು ಒಪ್ಪಿದೆ. ನೂರಾರು ತಟ್ಟೆ ಕಂಡವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಫಲ ಎಲ್ಲಿ, ಮೇಷ್ಟ್ರೇ? ಗಣೇಶ್ ತರಬೇತುದಾರರಾಗಿದ್ದ ಹೊತ್ತಿನ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತ ಆರನೇ ಸ್ಥಾನಕ್ಕೆ ಬಂತು. ಪದಕವಿಲ್ಲ. ಅದೇ ಪ್ರಕಾಶ್ ಪಡುಕೋಣೆ ಅವರನ್ನು ನೋಡಿ. ಬ್ಯಾಡ್ಮಿಂಟನ್ ಬಿಟ್ಟು ಬೇರೆ ಆಟದಿಂದ ಅವರಿಗೆ ಹೆಸರು ಬಂದಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು, 1994ರಲ್ಲಿ ಅಕಾಡೆಮಿ ಕಟ್ಟಿ ಒಂದು ತಲೆಮಾರನ್ನೇ ಬೆಳೆಸಿದರು. ಒಂದೇ ಆಟದವರೂ ಚೆನ್ನಾಗಿ ಕಲಿಸುತ್ತಾರೆ ಅಂದಮೇಲೆ ನಿಮ್ಮ ವಾದ ಎಲ್ಲಿ ನಿಂತಿತು?

ಮೇಷ್ಟ್ರು: ಈ ಪ್ರಶ್ನೆಯಿಂದ ನನ್ನ ವಾದವನ್ನು ನಾನು ಸ್ವಲ್ಪ ತಿದ್ದಿಕೊಳ್ಳಬೇಕು. ಪಡುಕೋಣೆಯವರ ಉದಾಹರಣೆ ನನ್ನ ಮಾತನ್ನು ಒಂದು ಅಳತೆಗೆ ತರುತ್ತದೆ. ಎರಡು ಆಟ ಆಡದವನು ಕಲಿಸಲಾರ ಎಂದು ನಾನು ಹೇಳಿದರೆ ಅದು ತಪ್ಪು. ಬೇಕಾದದ್ದು ಮತ್ತೆ ವಿದ್ಯಾರ್ಥಿಯಾದ ಅನುಭವ. ಎರಡನೇ ಆಟ ಅದಕ್ಕೆ ಒಂದು ದಾರಿ, ಇರುವ ದಾರಿ ಅದೊಂದೇ ಅಲ್ಲ. ಮಲ್ಲೇಶ್ವರದ ಛತ್ರದ ಅಂಗಣದಲ್ಲಿ ಬೆಳೆದ ಆಟವನ್ನು ಪಡುಕೋಣೆ ಡೆನ್ಮಾರ್ಕಿಗೆ ಒಯ್ದು, ಅಲ್ಲಿನ ಆಟಗಾರರ ನಡುವೆ ಮತ್ತೆ ತೀಡಿಕೊಂಡರು. ಅದೂ ಒಂದು ಜ್ವರವೇ. ಇನ್ನು ಸೋಲ್‌ನ ಆರನೇ ಸ್ಥಾನ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ಕಾಲದ ಹಾಕಿಯ ಸ್ಥಿತಿ ನೋಡದೆ ಅದನ್ನು ತೂಗಲಾಗದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹಾಕಿ ಹುಲ್ಲು ಬಿಟ್ಟು ಕೃತಕ ಹಾಸಿಗೆ ಹೋಯಿತು. ಚೆಂಡಿನ ವೇಗ ಬದಲಾಯಿತು, ದಮ್ಮಿನ ಲೆಕ್ಕ ಬದಲಾಯಿತು, ನಮ್ಮವರ ಮಣಿಕಟ್ಟಿನ ಚಮತ್ಕಾರಕ್ಕೆ ಇದ್ದ ಬೆಲೆ ಇಳಿಯಿತು. ನಮ್ಮ ಮಕ್ಕಳು ಮಾತ್ರ ಹುಲ್ಲು, ಮಣ್ಣಿನ ಮೈದಾನಗಳಲ್ಲೇ ಕಲಿಯುತ್ತಿದ್ದರು. 1986ರ ಲಂಡನ್ ವಿಶ್ವಕಪ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಭಾರತಕ್ಕೆ ಕೊನೆಯ ಸ್ಥಾನ. ಅದರ ಎರಡು ವರ್ಷದ ಮೇಲೆ ಬಂದ ಆರನೇ ಸ್ಥಾನ ಅದು. ಅದನ್ನು ಗೆಲುವು ಎಂದು ನಾನು ಕರೆಯುವುದಿಲ್ಲ, ತರಬೇತುದಾರನ ಸೋಲು ಎಂದೂ ಕರೆಯಲಾರೆ. ಮೈದಾನವಿಲ್ಲದ ದೇಶದ ತಂಡಕ್ಕೆ ಎಷ್ಟೇ ಬಲ್ಲ ತರಬೇತುದಾರ ಬಂದರೂ, ಹಸಿ ಸೌದೆಗೆ ಬೆಂಕಿ ಹಚ್ಚಿದ ಹಾಗೆ.

ರಾಹುಲ್ ದ್ರಾವಿಡ್ ಅವರ ಮಾತೂ ಇಲ್ಲಿ ಸಲ್ಲುತ್ತದೆ. ಹುಡುಗನಾಗಿದ್ದಾಗ ಅವರು ರಾಜ್ಯದ ಕಿರಿಯರ ತಂಡಕ್ಕೆ ಹಾಕಿ ಆಡಿದವರು. ಅದು ಗಣೇಶ್ ಅವರ ಫುಟ್‌ಬಾಲ್‌ನಷ್ಟು ದೊಡ್ಡ ಅಧ್ಯಾಯವಲ್ಲ, ಹಾಗೆಂದು ಹಿಗ್ಗಿಸಿ ಹೇಳುವುದಿಲ್ಲ. ಆದರೆ ಮುಂದೆ ಟೆಸ್ಟ್‌ನಲ್ಲಿ 13,288 ರನ್ ಗಳಿಸಿದವರು, ತಂಡಕ್ಕೆ ಒಬ್ಬ ಹೆಚ್ಚಿನ ಬ್ಯಾಟ್ಸ್‌ಮನ್ ಬೇಕಾಗಿದ್ದಾಗ ಏಕದಿನ ಪಂದ್ಯಗಳಲ್ಲಿ ವಿಕೆಟ್‌ಕೀಪರ್ ಗವಸು ತೊಟ್ಟರು, 2003ರ ವಿಶ್ವಕಪ್ಪನ್ನೂ ಹಾಗೇ ಆಡಿದರು. ಹೆಸರು ಮಾಡಿದ ಮೇಲೆ ಎಲ್ಲರ ಕಣ್ಣೆದುರು ಕ್ಯಾಚ್ ಕೈಚೆಲ್ಲುವ ಸಾಧ್ಯತೆಯನ್ನು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ತರಬೇತಿಗೆ ಬಂದಾಗಲೂ ನೇರವಾಗಿ ಹಿರಿಯರ ತಂಡಕ್ಕೆ ಹೋಗಲಿಲ್ಲ. ಮೊದಲು 19 ವರ್ಷದೊಳಗಿನವರಿಗೆ ಮತ್ತು ಭಾರತ ‘ಎ’ ತಂಡಕ್ಕೆ ಕಲಿಸಿದರು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದರು. 2024ರ ಜೂನ್ 29ರಂದು ಹಿರಿಯರು ಟಿ20 ವಿಶ್ವಕಪ್ ಗೆದ್ದಾಗ ಅವರೇ ಮುಖ್ಯ ತರಬೇತುದಾರರು. ಹೊರದೇಶದ ಮಾತು ಬೇಕಿದ್ದರೆ ದಕ್ಷಿಣ ಆಫ್ರಿಕಾದ ಕ್ರಿಕೆಟಿಗ ಜಾಂಟಿ ರೋಡ್ಸ್ ಇದ್ದಾರೆ. ಹಾಕಿಯಲ್ಲೂ ದೇಶದ ಮಟ್ಟಕ್ಕೆ ಏರಿದವರು, ಆಮೇಲೆ ಮುಂಬೈ ಇಂಡಿಯನ್ಸ್ ತಂಡಕ್ಕೆ ಫೀಲ್ಡಿಂಗ್ ಕಲಿಸಿದವರು.

ರೈತರು: ಇನ್ನು ಉಳಿದದ್ದು ಹೊಟ್ಟೆಯ ಪ್ರಶ್ನೆ. ಇಪ್ಪತ್ತರ ಹೊತ್ತಿಗೆ ಆಟ ಬದಲಿಸಿದವನಿಗೆ ಆ ಮಧ್ಯದ ವರ್ಷಗಳಲ್ಲಿ ಅನ್ನ ಯಾರು ಹಾಕಬೇಕು? ಹುಳು ಜ್ವರಕ್ಕೆ ಕೂತರೆ ನಾನು ಒಂದು ದಿನ ಕಾಯುತ್ತೇನೆ. ಹುಡುಗನ ಜ್ವರ ಎರಡು ವರ್ಷ ಹಿಡಿದರೆ ಎರಡು ಎಕರೆಯ ರೈತ ಹೇಗೆ ಕಾಯುತ್ತಾನೆ?

ಮೇಷ್ಟ್ರು: ನೀವು ಎತ್ತಿದ ಪ್ರಶ್ನೆಗಳಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು, ಇದಕ್ಕೆ ಸಿಹಿಯಾದ ಉತ್ತರ ನನ್ನಲ್ಲಿಲ್ಲ. ಗಣೇಶ್ ಅವರಿಗೆ ಹಾಕಿ ಸಾಧ್ಯವಾದದ್ದು ಬರೀ ಅವರ ಛಲದಿಂದಲ್ಲ. ಸರ್ವಿಸಸ್ ತಂಡ ಅಂದರೆ ಸೇನೆ. ಸಂಬಳ, ಊಟ, ಮೈದಾನ, ಜೊತೆಗಾರರು ಎಲ್ಲವೂ ಒಂದೇ ಸೂರಿನಡಿ. ಆ ಆಸರೆ ಇಲ್ಲದೆ ಪ್ರತಿಭೆಯೊಂದರಿಂದ ಎರಡನೇ ಆಟ ಹುಟ್ಟುವುದಿಲ್ಲ. ಅದಕ್ಕೇ ಬಡವರ ಮಕ್ಕಳಿಗೆ ಎರಡನೇ ಆಟವನ್ನು ಇಪ್ಪತ್ತಕ್ಕಲ್ಲ, ಹತ್ತರಿಂದ ಹದಿನಾಲ್ಕರ ನಡುವೆ, ಶಾಲೆಯಲ್ಲೇ ಕೊಡಬೇಕು ಎನ್ನುತ್ತೇನೆ. ಆಗ ಅದರ ಖರ್ಚು ಕಡಿಮೆ, ಸೋತರೆ ಆಗುವ ನಷ್ಟವೂ ಕಡಿಮೆ. ಖೋ-ಖೋಗೆ ಎರಡು ಕಂಬ ಸಾಕು, ಕಬಡ್ಡಿಗೆ ಸುಣ್ಣದ ಗೆರೆ ಸಾಕು, ವಾಲಿಬಾಲ್‌ಗೆ ಒಂದು ಚೆಂಡು, ಒಂದು ನೆಟ್. ನಮ್ಮ ವಲಯ ಮಟ್ಟದ, ತಾಲ್ಲೂಕು ಮಟ್ಟದ ಕೂಟಗಳಲ್ಲಿ ಹಳ್ಳಿಯ ಮಕ್ಕಳು ಬೆಳಿಗ್ಗೆ ಓಡಿ ಮಧ್ಯಾಹ್ನ ಖೋ-ಖೋ ಆಡುತ್ತಾರೆ. ಅದನ್ನು ಬಡತನದ ಹೊಂದಾಣಿಕೆ ಎಂದು ನಾವು ನೋಡಬಾರದು, ಅಗಲ ಅಲ್ಲಿಯೇ ಇದೆ. ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಹತ್ತಿರ ಪಡುಕೋಣೆ, ದ್ರಾವಿಡ್ ಇಬ್ಬರ ಹೆಸರಿನಲ್ಲೂ ಒಂದು ಕ್ರೀಡಾ ಕೇಂದ್ರವಿದೆ. ಅಲ್ಲಿ ಹಲವು ಆಟಗಳು ಒಂದೇ ಆವರಣದಲ್ಲಿ ನಡೆಯುತ್ತವೆ. ದುಡ್ಡಿದ್ದವರಿಗೆ ಹಾಗೆ ಸಿಗುವುದು ನಮ್ಮ ಸರ್ಕಾರಿ ಶಾಲೆಯ ಮಣ್ಣಿನ ಮೈದಾನದಲ್ಲೂ ಸಿಗಲೇಬೇಕು. ಅದಕ್ಕೆ ಬೇಕಾದದ್ದು ಒತ್ತುವರಿಯಾಗದೆ ಉಳಿದ ಮೈದಾನ ಮತ್ತು ಖಾಲಿ ಬೀಳದ ದೈಹಿಕ ಶಿಕ್ಷಕರ ಹುದ್ದೆ.

ರೈತರು: ಹಾಗಾದರೆ ನಾನು ಅರ್ಥ ಮಾಡಿಕೊಂಡದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಹದಿನಾಲ್ಕರವರೆಗೆ ಎರಡು ಆಟ, ಆಮೇಲೆ ಒಂದು. ಜಿಮ್ನಾಸ್ಟಿಕ್ಸ್‌ನಂಥ, ಎಳೆ ಮೈಯಲ್ಲೇ ಬಾಗಿಸಬೇಕಾದ ಆಟಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಅದನ್ನು ಬೇರೆ ಇಡೋಣ. ಕಲಿಸುವವನನ್ನು ಆರಿಸುವಾಗ ಅವನ ಗೋಡೆಯ ಮೇಲಿನ ಕಪ್ಪುಗಳನ್ನು ಮಾತ್ರ ಎಣಿಸಬಾರದು. ಮಗು ಸತತವಾಗಿ ಸೋಲುತ್ತಿರುವಾಗ ಅವನು ಏನು ಮಾಡುತ್ತಾನೆ ಎಂದು ನೋಡಬೇಕು.

ಮೇಷ್ಟ್ರು: ತಿದ್ದುವುದಕ್ಕೆ ಏನೂ ಇಲ್ಲ, ಒಂದನ್ನು ಸೇರಿಸುತ್ತೇನೆ. ಮಗುವನ್ನು ಸೇರಿಸುವ ಮೊದಲು ಒಂದು ಸಂಜೆ ಮೈದಾನದ ಅಂಚಿನಲ್ಲಿ ಸುಮ್ಮನೆ ನಿಂತು ನೋಡಿ. ಚೆನ್ನಾಗಿ ಆಡುವವರ ಹತ್ತಿರ ಎಲ್ಲ ತರಬೇತುದಾರರೂ ನಿಲ್ಲುತ್ತಾರೆ. ಸ್ಟಿಕ್ ಹಿಡಿಯಲು ಬಾರದ ಮಗುವಿನ ಹತ್ತಿರ ಹೋಗಿ, ಬಗ್ಗಿ, ಅದರ ಬಲಗೈ ಬೆರಳನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಕೂಡಿಸುವವನು ಯಾರು ಎಂದು ನೋಡಿ. ನಿಮ್ಮ ಮಗುವನ್ನು ಅವನ ಕೈಗೆ ಒಪ್ಪಿಸಿ.